ಮೋವಾಬಿನ ಗರ್ವ, ಯೆಹೂದದ ಗರ್ವ: ಪ್ರವಾದಿಗಳ ಸಿಟ್ಟು ಯಾರ ಮೇಲೆ?

ಕೆಂಪುಹೆಂಚು:
ನಮ್ಮ ಸಭೆಯ ಸತ್ಯವೇದ ಅಧ್ಯಯನದಲ್ಲಿ ಈಗ ಯೆಶಾಯ ಪ್ರವಾದಿಯ ಪುಸ್ತಕ ನಡೆಯುತ್ತಿದೆ. 13ರಿಂದ 23ನೇ ಅಧ್ಯಾಯದವರೆಗೆ ಬರೀ ಬೇರೆ ದೇಶಗಳ ಮೇಲಿನ ತೀರ್ಪು. ಬಾಬೆಲ್, ಫಿಲಿಷ್ಟಿಯ, ಮೋವಾಬ್, ದಮಸ್ಕ, ಕೂಷ್, ಐಗುಪ್ತ, ತೂರ್. ಒಂದೊಂದಕ್ಕೂ ಸರದಿ ಬರುತ್ತದೆ. ಹೋದ ವಾರ 16ನೇ ಅಧ್ಯಾಯ ಓದಿದೆವು. ಮೋವಾಬಿನ ಗರ್ವ, ಅದರ ಸೊಕ್ಕು, ಅದರ ಬಡಾಯಿ ಎಲ್ಲವನ್ನೂ ಕೇಳಿದ್ದೇವೆ ಅನ್ನುತ್ತದೆ. ಆಮೇಲೆ ಊರಿಗೆ ಊರೇ ಗೋಳಾಡುತ್ತದೆ, ದ್ರಾಕ್ಷಿತೋಟಗಳು ಒಣಗುತ್ತವೆ.

ಪಾಠ ಮಾಡಿದವರು "ಇವರೆಲ್ಲ ದೇವಜನರ ಶತ್ರುಗಳು, ದೇವರು ಸೇಡು ತೀರಿಸಿದ" ಅಂತ ಹೇಳಿ ಮುಂದಕ್ಕೆ ಹೋದರು. ನನಗೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಒಂದು ದೇಶಕ್ಕೆ ತನ್ನ ಬಗ್ಗೆ ಹೆಮ್ಮೆ ಇರುವುದು ಅಷ್ಟು ದೊಡ್ಡ ಅಪರಾಧವಾ? ಗರ್ವಪಟ್ಟವನು ರಾಜ, ಸತ್ತವರು ತೋಟದ ಆಳುಗಳು. 13:16ರಲ್ಲಂತೂ ಹೆತ್ತವರ ಕಣ್ಣೆದುರೇ ಬಾಬೆಲಿನ ಕೂಸುಗಳನ್ನು ಅಪ್ಪಳಿಸುವ ಮಾತಿದೆ. ಆ ಕೂಸುಗಳಿಗೆ ಯಾವ ಗರ್ವವಿತ್ತು? ಓದಿಕೊಂಡವರು ಯಾರಾದರೂ ಹೇಳಿ.

ಬೆಳಗಿನಓದು:
22ನೇ ಅಧ್ಯಾಯ ಬಿಟ್ಟುಬಿಟ್ಟಿರಿ ಬ್ರದರ್. ಆ ಪಟ್ಟಿಯ ನಡುವೆ ಯೆಶಾಯನ ಸ್ವಂತ ನಾಡು ಯೆಹೂದದ ರಾಜಧಾನಿ ಯೆರೂಸಲೇಮೇ ಇದೆ.

ಪ್ರಶ್ನೆಗಾರ:
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಚಿಕ್ಕ ದೇಶ, ಸುತ್ತಲೂ ದೊಡ್ಡ ದೇಶಗಳು. ಹೊಡೆತ ತಿಂದವರು ತಮ್ಮ ದೇವರ ಬಾಯಲ್ಲಿ ಶಾಪ ಹಾಕಿಸಿದರು. ಪ್ರಾಚೀನ ಜಗತ್ತಿನಲ್ಲಿ ಎಲ್ಲರೂ ಮಾಡಿದ್ದೇ ಇದು. ಐಗುಪ್ತದವರು ಶತ್ರು ಊರುಗಳ ಹೆಸರನ್ನು ಮಣ್ಣಿನ ಪಾತ್ರೆಯ ಮೇಲೆ ಬರೆದು ಒಡೆದು ಹಾಕುತ್ತಿದ್ದರು. ಆ ಚೂರುಗಳು ಈಗಲೂ ಮ್ಯೂಸಿಯಂಗಳಲ್ಲಿವೆ. ಯೆಶಾಯನ ಪಟ್ಟಿಯೂ ಅದೇ ಜಾತಿಯದು. ಅದಕ್ಕೆ ಧರ್ಮದ ಬಣ್ಣ ಬಳಿದು ದೊಡ್ಡದು ಮಾಡಬೇಡಿ.

ನಿವೃತ್ತಮೇಷ್ಟ್ರು:
ಪ್ರಶ್ನೆಗಾರರೇ, ಆ ಮಡಕೆಗಳ ಮೇಲೆ ಐಗುಪ್ತದ ರಾಜಧಾನಿಯ ಹೆಸರನ್ನೂ ಬರೆದು ಒಡೆದಿದ್ದರಾ? ಇಲ್ಲಿರುವ ವ್ಯತ್ಯಾಸ ಅದೇ. ಒಮ್ಮೆ ಆಮೋಸನ ಮೊದಲ ಎರಡು ಅಧ್ಯಾಯ ಓದಿ. ಅವನು ವೃತ್ತಿಯ ಪ್ರವಾದಿಯಲ್ಲ. ದಕ್ಷಿಣದ ಯೆಹೂದ ರಾಜ್ಯದ ತೆಕೋವ ಊರಿನಲ್ಲಿ ಕುರಿ ಸಾಕುತ್ತಿದ್ದವನು, ಅತ್ತಿಹಣ್ಣಿನ ಕೆಲಸ ಮಾಡುತ್ತಿದ್ದವನು. ಕ್ರಿ.ಪೂ. 8ನೇ ಶತಮಾನದಲ್ಲಿ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಬಂದು ಮಾತಾಡಿದ. ಆಗ ಎರಡನೇ ಯಾರೊಬ್ಬಾಮನ ಆಳ್ವಿಕೆ. ಗಡಿ ಹಿಗ್ಗಿತ್ತು, ದುಡ್ಡು ಹರಿಯುತ್ತಿತ್ತು.

ಅವನು ಶುರು ಮಾಡುವುದು ದಮಸ್ಕದಿಂದ. ಗಿಲ್ಯಾದಿನ ಜನರನ್ನು ಕಬ್ಬಿಣದ ಹಂತಿಕುಂಟೆಯಿಂದ ತುಳಿಸಿದರು ಅನ್ನುತ್ತಾನೆ. ಆಮೇಲೆ ಗಾಜಾ: ಇಡೀ ಊರಿನವರನ್ನು ಸೆರೆಹಿಡಿದು ಎದೋಮಿಗೆ ಒಪ್ಪಿಸಿದರು. ತೂರ್, ಎದೋಮ್. ಅಮ್ಮೋನಿನವರು ಗಡಿ ವಿಸ್ತರಿಸಲು ಬಸುರಿಯರ ಹೊಟ್ಟೆ ಸೀಳಿದರು. ಕೇಳುತ್ತಿದ್ದ ಇಸ್ರಾಯೇಲ್ಯರು ಪ್ರತಿ ಸಲ ತಲೆಯಾಡಿಸಿರಬೇಕು. ಆರನೆಯದು ಮೋವಾಬ್, ಏಳನೆಯದು ಯೆಹೂದ. ಇಷ್ಟಕ್ಕೆ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಎಂಟನೆಯದು ಇಸ್ರಾಯೇಲ್. ಉಳಿದವರಿಗೆ ಎರಡು ಮೂರು ವಚನ, ಇವರಿಗೆ ಎಲ್ಲರಿಗಿಂತ ಜಾಸ್ತಿ. ಬೆಳ್ಳಿಗಾಗಿ ನೀತಿವಂತನನ್ನು ಮಾರಿದಿರಿ, ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿದಿರಿ ಅನ್ನುತ್ತಾನೆ.

ಇನ್ನೊಂದು ಗಮನಿಸಿ. ಮೋವಾಬಿನ ಮೇಲಿನ ಆರೋಪ ಏನು? ಎದೋಮಿನ ರಾಜನ ಮೂಳೆಗಳನ್ನು ಸುಟ್ಟು ಸುಣ್ಣ ಮಾಡಿದರು ಅಂತ. ಅದರಲ್ಲಿ ಇಸ್ರಾಯೇಲಿಗೆ ಏನೂ ನಷ್ಟವಿಲ್ಲ. ಒಬ್ಬ ಪರದೇಶಿ ಇನ್ನೊಬ್ಬ ಪರದೇಶಿಗೆ ಮಾಡಿದ ಅವಮಾನ. ಅದಕ್ಕೂ ಈ ದೇವರು ಲೆಕ್ಕ ಕೇಳುತ್ತಾನೆ. ಸೇಡಿನ ದೇವರಾದರೆ ಅದು ಅವನಿಗೆ ಯಾಕೆ ಬೇಕಿತ್ತು?

ತುಂಗಾತೀರ:
ಮೇಷ್ಟ್ರೇ, ಆಮೋಸ 9:7 ಸೇರಿಸಿ. ನೀವು ನನಗೆ ಕೂಷ್ಯರ ಹಾಗೆಯೇ ಅಲ್ಲವೇ ಅಂತ ದೇವರು ಇಸ್ರಾಯೇಲ್ಯರನ್ನು ಕೇಳುತ್ತಾನೆ. ನಿಮ್ಮನ್ನು ಐಗುಪ್ತದಿಂದ ತಂದ ಹಾಗೆ ಫಿಲಿಷ್ಟಿಯರನ್ನು ಕಫ್ತೋರಿನಿಂದ, ಅರಾಮ್ಯರನ್ನು ಕೀರಿನಿಂದ ತರಲಿಲ್ಲವೇ ಅಂತ. ತಮ್ಮದೇ ದೊಡ್ಡ ಕಥೆ ಅಂದುಕೊಂಡವರ ಮುಂದೆ ಇದನ್ನು ಹೇಳಲು ಗುಂಡಿಗೆ ಬೇಕು.

ಪ್ರಶ್ನೆಗಾರ:
ಆಮೋಸನ ಮಾತು ಒಪ್ಪುತ್ತೇನೆ, ಅವನು ಬೇರೆಯೇ. ಆದರೆ ನಹೂಮ? ಮೂರು ಅಧ್ಯಾಯ ಪೂರ್ತಿ ಅಶ್ಶೂರದ ರಾಜಧಾನಿ ನಿನೆವೆ ಬಿದ್ದ ಸಂಭ್ರಮ. ಕೊನೆಯ ವಚನದಲ್ಲಿ ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಯೆಹೂದದ ತಪ್ಪಿನ ಬಗ್ಗೆ ಒಂದು ಮಾತಿಲ್ಲ.

ಕಲ್ಲುಬರಹ:
ಚಪ್ಪಾಳೆ ಯಾಕೆ ಅಂತ ತಿಳಿಯಬೇಕಾದರೆ ಅಶ್ಶೂರದವರು ತಾವೇ ಕೆತ್ತಿಸಿಕೊಂಡದ್ದನ್ನು ನೋಡಬೇಕು. ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ಯೆಹೂದದ ಮೇಲೆ ಬಂದ. ಅವನ ಶಾಸನದಲ್ಲಿ 46 ಕೋಟೆ ಊರುಗಳನ್ನು ಹಿಡಿದೆ, ಯೆಹೂದದ ರಾಜ ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತ ಬರೆಸಿದ್ದಾನೆ. ಯೆಹೂದದ ಲಾಕೀಷ್ ಊರನ್ನು ಹಿಡಿದದ್ದನ್ನು ನಿನೆವೆಯ ಅರಮನೆಯ ಗೋಡೆಗಳ ತುಂಬಾ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸೆರೆಯಾದವರ ಚರ್ಮ ಸುಲಿಯುವುದು, ಗೂಟಕ್ಕೆ ಏರಿಸುವುದು, ಗಾಡಿಯ ಮೇಲೆ ಸಾಮಾನು ಹೇರಿಕೊಂಡು ಹೆಂಗಸರು ಮಕ್ಕಳು ಗುಳೆ ಹೋಗುವುದು, ಎಲ್ಲ ಇದೆ. ಇದನ್ನು ಮುಚ್ಚಿಡಲಿಲ್ಲ ಅವರು. ಬಂದವರಿಗೆಲ್ಲ ಕಾಣಲಿ ಅಂತ ಅರಮನೆಯಲ್ಲಿ ಇಟ್ಟರು. ಪ್ರವಾದಿಗಳು ಗರ್ವ ಅಂದದ್ದು ಇಂಥದ್ದಕ್ಕೆ. ನಮ್ಮೂರು ಚೆಂದ, ನಮ್ಮ ಭಾಷೆ ಚೆಂದ ಅನ್ನುವ ಪ್ರೀತಿಗಲ್ಲ.

ಮೇದ್ಯರು, ಬಾಬೆಲಿನವರು ಸೇರಿ 612ರಲ್ಲಿ ನಿನೆವೆಯನ್ನು ಕೆಡವಿದರು. ಅದರ ಕೈಯಲ್ಲಿ ನರಳಿದವರು ಚಪ್ಪಾಳೆ ತಟ್ಟಿದ್ದು ಚೆಂದ ಅನ್ನಲಾರೆ. ಆದರೆ ಅದು ಗೆದ್ದವರ ಚಪ್ಪಾಳೆಯಲ್ಲ.

ಮಂಗಳೂರುಮಳೆ:
ಗರ್ವ ಅಂದರೆ ಏನು ಅಂತ ಯೆಶಾಯ 10 ಬಿಡಿಸಿ ಹೇಳುತ್ತದೆ. ಅಶ್ಶೂರ ದೇವರ ಕೋಪದ ಕೋಲು. ದೇವರೇ ಕಳಿಸಿದ್ದು. ಆದರೆ ಅಶ್ಶೂರದ ರಾಜನ ಮನಸ್ಸಿನಲ್ಲಿ ಇರುವುದು ಬೇರೆ, ನಾಶ ಮಾಡುವುದೊಂದೇ. ನನ್ನ ಕೈಬಲದಿಂದಲೇ ಮಾಡಿದೆ, ನನ್ನ ಜಾಣತನದಿಂದಲೇ ಮಾಡಿದೆ, ಹಕ್ಕಿ ಬಿಟ್ಟುಹೋದ ಗೂಡಿನ ಮೊಟ್ಟೆ ಆರಿಸಿದ ಹಾಗೆ ಭೂಮಿಯನ್ನೆಲ್ಲ ಬಾಚಿಕೊಂಡೆ, ಒಂದೂ ರೆಕ್ಕೆ ಬಡಿಯಲಿಲ್ಲ, ಒಂದೂ ಚಿಲಿಪಿಲಿ ಅನ್ನಲಿಲ್ಲ ಅನ್ನುತ್ತಾನೆ. ಆಗ ಪ್ರವಾದಿ ಕೇಳುತ್ತಾನೆ: ಕಡಿಯುವವನ ಮುಂದೆ ಕೊಡಲಿ ಜಂಬ ಕೊಚ್ಚಬಹುದಾ?

ಈಗ ಆಮೋಸ 6:13 ತೆಗೆಯಿರಿ. ನಮ್ಮ ಸ್ವಂತ ಬಲದಿಂದಲೇ ಕರ್ನಯಿಮನ್ನು ಗೆದ್ದೆವಲ್ಲ ಅಂತ ಇಸ್ರಾಯೇಲ್ಯರು ಹಿಗ್ಗುತ್ತಾರೆ. ಕರ್ನಯಿಮ್ ಯೊರ್ದನಿನ ಆಚೆಯ ಒಂದು ಊರು, ಅಷ್ಟೇ. ಇಡೀ ಭೂಮಿ ಬಾಚಿದ ಚಕ್ರವರ್ತಿಯ ಬಾಯಲ್ಲೂ ಅದೇ ಮಾತು, ಒಂದು ಊರು ಗೆದ್ದ ಚಿಕ್ಕ ದೇಶದ ಬಾಯಲ್ಲೂ ಅದೇ ಮಾತು. ಯೆಹೆಜ್ಕೇಲ 29ರಲ್ಲಿ ಫರೋಹ ನೈಲ್ ನದಿ ನನ್ನದು, ನಾನೇ ಮಾಡಿಕೊಂಡೆ ಅನ್ನುತ್ತಾನೆ. ಅದೂ ಇದೇ. ಹಾಗಾಗಿ ಇದು ಶತ್ರುಗಳ ಪಟ್ಟಿ ಅಲ್ಲವೇ ಅಲ್ಲ. ಈ ಮಾತು ಯಾರ ಬಾಯಲ್ಲಿ ಬಂದರೂ ತೀರ್ಪು ಒಂದೇ.

ಗಡಿನಾಡು:
ಕೋಲನ್ನು ಹಿಡಿದವನು ದೇವರೇ ಆದರೆ ಕೋಲಿಗೆ ಶಿಕ್ಷೆ ಯಾಕೆ? ಈ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ.

ಮಂಗಳೂರುಮಳೆ:
ಯೆಶಾಯ 47 ಕೊಡುತ್ತದೆ. ಅಲ್ಲಿ ಬಾಬೆಲಿಗೆ ಹೇಳುವುದು: ನನ್ನ ಜನರ ಮೇಲೆ ಸಿಟ್ಟಾಗಿ ನಿನ್ನ ಕೈಗೆ ಒಪ್ಪಿಸಿದೆ, ನೀನು ಕರುಣೆ ತೋರಿಸಲಿಲ್ಲ, ಮುದುಕರ ಮೇಲೂ ಭಾರದ ನೊಗ ಹೊರಿಸಿದೆ. ಅದಾದ ಮೇಲೆಯೇ "ನಾನೇ ಇರುವವಳು, ನನ್ನ ಬಿಟ್ಟರೆ ಇನ್ನಾರೂ ಇಲ್ಲ" ಅನ್ನುವ ಬಾಬೆಲಿನ ಮಾತು ಬರುತ್ತದೆ. ಕಳಿಸಿದ್ದಕ್ಕೆ ಶಿಕ್ಷೆಯಲ್ಲ, ಮಿತಿ ಮೀರಿದ್ದಕ್ಕೆ.

ಹುಬ್ಬಳ್ಳಿಹುಡುಗ:
ಎಲ್ಲ ಸರಿ, ಆದರೆ ಇವೆಲ್ಲ ಈಗ ನೆರವೇರುತ್ತಿವೆ ಅಲ್ವಾ? ಯೂಟ್ಯೂಬಿನಲ್ಲಿ ಒಂದು ಪ್ರಸಂಗ ಕೇಳಿದೆ. ಯೆಶಾಯ 17ರಲ್ಲಿ ದಮಸ್ಕ ಹಾಳುಬೀಳುತ್ತದೆ ಅಂತಿದೆ. ಸಿರಿಯಾದ ಯುದ್ಧ ನೋಡಿದರೆ ಅದೇ ಅನ್ನಿಸುತ್ತದೆ.

ಕಲ್ಲುಬರಹ:
ದಮಸ್ಕವನ್ನು ಅಶ್ಶೂರದ ಮೂರನೇ ತಿಗ್ಲತ್ ಪಿಲೆಸೆರ್ ಕ್ರಿ.ಪೂ. 732ರಲ್ಲೇ ಹಿಡಿದ. ಯೆಶಾಯನ ಕಾಲದ ಸುದ್ದಿ ಅದು. ಅದೇ 17ನೇ ಅಧ್ಯಾಯದಲ್ಲಿ ದಮಸ್ಕದ ಜೊತೆ ಎಫ್ರಾಯೀಮಿನ ಕೋಟೆಯೂ ಇಲ್ಲದೆ ಹೋಗುತ್ತದೆ ಅಂತಿದೆ. ಎಫ್ರಾಯೀಮ್ ಅಂದರೆ ಉತ್ತರ ಇಸ್ರಾಯೇಲ್. ಆ ಪ್ರಸಂಗದಲ್ಲಿ ಆ ಭಾಗ ಓದಿದರಾ?

ಸಂಜೆಗಂಟೆ:
ಹುಬ್ಬಳ್ಳಿಯ ತಮ್ಮಾ, ಸಿಟ್ಟು ಮಾಡಿಕೊಳ್ಳಬೇಡ. ಇವತ್ತಿನ ಸುದ್ದಿಯನ್ನು ಹಿಡಿದು ಆ ದೇಶಕ್ಕೆ ಶಿಕ್ಷೆ ಬಂತು, ಈ ದೇಶಕ್ಕೆ ಬಂತು ಅಂತ ಖುಷಿಪಡುವುದು ನನಗೆ ತುಂಬಾ ನೋವು ಕೊಡುತ್ತದೆ. ಸಾಯುತ್ತಿರುವವರು ಮನುಷ್ಯರು. ಇದನ್ನು ಎದೋಮಿನವರು ಮಾಡಿದರು. ಓಬದ್ಯನ ಪುಸ್ತಕ ಪೂರ್ತಿ ಅದಕ್ಕಾಗಿಯೇ ಇದೆ. ಬಂಡೆಯ ಸಂದುಗಳಲ್ಲಿ ಮನೆ ಮಾಡಿಕೊಂಡು, ನನ್ನನ್ನು ಯಾರು ಕೆಳಗಿಳಿಸುತ್ತಾರೆ ಅಂದುಕೊಂಡ ಜನ. ನಕ್ಷತ್ರಗಳ ನಡುವೆ ಗೂಡು ಕಟ್ಟಿದರೂ ಅಲ್ಲಿಂದ ಇಳಿಸುತ್ತೇನೆ ಅನ್ನುತ್ತಾನೆ ದೇವರು. ಅವರ ತಪ್ಪೇನು? ಯೆರೂಸಲೇಮ್ ಸುಲಿಗೆಯಾದ ದಿನ ದೂರ ನಿಂತು ನೋಡಿ ಹಿಗ್ಗಿದರು. ಓಡಿಹೋಗುವವರನ್ನು ಕೂಡುದಾರಿಯಲ್ಲಿ ತಡೆದು ಹಿಡಿದುಕೊಟ್ಟರು.

ನಾನು ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೋವಾಬಿನ ಪಾಠ ಬಂದಾಗ ರೂತಳನ್ನು ನೆನಪಿಸುತ್ತೇನೆ. ಮೋವಾಬಿನಿಂದ ಬಂದ ಸೊಸೆ, ದಾವೀದನ ಮುತ್ತಜ್ಜಿ. ಆಮೇಲೆ ಯೆಶಾಯ 15:5 ಓದಿಸುತ್ತೇನೆ. ನನ್ನ ಹೃದಯ ಮೋವಾಬಿಗಾಗಿ ಗೋಳಾಡುತ್ತದೆ ಅಂತಿದೆ. 16:3-4ರಲ್ಲಿ ಮೋವಾಬಿನಿಂದ ಓಡಿಬಂದವರನ್ನು ಬಚ್ಚಿಡಿ, ಹಿಡಿದುಕೊಡಬೇಡಿ, ಅವರಿಗೆ ಆಸರೆಯಾಗಿ ಅನ್ನುವ ಮಾತಿದೆ. ಕೆಂಪುಹೆಂಚು ಅಣ್ಣ, ನಿಮಗೆ ಪಾಠ ಮಾಡಿದವರು ಗರ್ವದ 6ನೇ ವಚನಕ್ಕೆ ನಿಂತರು. ಅದಕ್ಕೂ ಮೊದಲೇ ಆಸರೆಯ ಮಾತಿದೆ. 9ನೇ ವಚನದಲ್ಲಿ ಮತ್ತೆ ಕಣ್ಣೀರಿದೆ. ಯೆರೆಮೀಯ 48ರಲ್ಲೂ ಹಾಗೆಯೇ. ಆ ಅಧ್ಯಾಯದ ಕೊನೆಗೆ ಮೋವಾಬನ್ನು ಮತ್ತೆ ಎತ್ತುತ್ತೇನೆ ಅನ್ನುವ ಮಾತೂ ಇದೆ.

ಹುಬ್ಬಳ್ಳಿಹುಡುಗ:
ಖುಷಿಪಟ್ಟಿಲ್ಲ ಅಕ್ಕ. ಅರ್ಥ ಮಾಡಿಕೊಳ್ಳೋಣ ಅಂತ ಕೇಳಿದೆ. ಓಬದ್ಯ ಓದುತ್ತೇನೆ.

ಕಲ್ಲುಬರಹ:
ಮೋವಾಬಿನ ಮಾತು ಬಂತಲ್ಲ, ಅವರ ಕಡೆಯ ಮಾತೂ ಕೇಳಿ. 1868ರಲ್ಲಿ ಈಗಿನ ಜೋರ್ಡನ್ನಿನ ದೀಬಾನ್‌ನಲ್ಲಿ ಒಂದು ಕಪ್ಪು ಕಲ್ಲು ಸಿಕ್ಕಿತು. ಮೋವಾಬಿನ ರಾಜ ಮೇಷನ ಶಾಸನ. ಕ್ರಿ.ಪೂ. 9ನೇ ಶತಮಾನದ್ದು. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಇಸ್ರಾಯೇಲಿನ ರಾಜ ಒಮ್ರಿ ಬಹಳ ದಿನ ಮೋವಾಬನ್ನು ಹಿಂಸಿಸಿದ, ಯಾಕೆಂದರೆ ಕೆಮೋಷ್ ದೇವರು ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ ಅಂತ ಬರೆಸಿದ್ದಾನೆ. ಆಮೇಲೆ ಇಸ್ರಾಯೇಲ್ ಶಾಶ್ವತವಾಗಿ ಅಳಿಯಿತು ಅಂತ ಹೇಳಿ, ನೆಬೋ ಊರಿನ 7,000 ಜನರನ್ನು ಕೊಂದದ್ದನ್ನೂ ಹೇಳುತ್ತಾನೆ. ಮೋವಾಬಿನ ಬಡಾಯಿ ಕೇಳಿದ್ದೇವೆ ಅಂತ ಯೆಶಾಯ ಅನ್ನುವುದು ಸುಮ್ನೆ ಅಲ್ಲ.

ಪ್ರಶ್ನೆಗಾರ:
ನಾನು ಹೇಳುತ್ತಿರುವುದೂ ಅದೇ! ಸೋತರೆ ನಮ್ಮ ದೇವರಿಗೆ ಸಿಟ್ಟು ಬಂದಿತ್ತು, ಗೆದ್ದರೆ ನಮ್ಮ ದೇವರು ಗೆಲ್ಲಿಸಿದ. ಮೋವಾಬಿನವರು ಕೆಮೋಷ್ ಅಂದರು, ಯೆಹೂದದವರು ಯೆಹೋವ ಅಂದರು. ಹೆಸರು ಬೇರೆ, ಲೆಕ್ಕಾಚಾರ ಒಂದೇ.

ನಿವೃತ್ತಮೇಷ್ಟ್ರು:
ಲೆಕ್ಕಾಚಾರ ಅರ್ಧ ಮಾತ್ರ ಒಂದೇ. ಕೆಮೋಷನಿಗೆ ಸಿಟ್ಟು ಯಾಕೆ ಬಂತು ಅಂತ ಮೇಷ ಹೇಳುವುದಿಲ್ಲ. ಮೋವಾಬಿನವರು ಬಡವರ ಹೊಲ ನುಂಗಿದರು, ಲಂಚ ತಿಂದರು ಅಂತ ಒಂದು ಸಾಲಿಲ್ಲ. ಯೆಹೂದದ ಪ್ರವಾದಿ ಮೀಕನನ್ನು ಓದಿ. ಅಧಿಕಾರಿಗಳು ಲಂಚಕ್ಕೆ ತೀರ್ಪು ಕೊಡುತ್ತಾರೆ, ಯಾಜಕರು ಸಂಬಳಕ್ಕೆ ಬೋಧಿಸುತ್ತಾರೆ, ಆದರೂ ಯೆಹೋವನು ನಮ್ಮ ನಡುವೆ ಇದ್ದಾನೆ, ನಮಗೆ ಕೇಡು ಬರುವುದಿಲ್ಲ ಅನ್ನುತ್ತಾರೆ. ಅದಕ್ಕೆ ಚೀಯೋನ್ ಹೊಲದ ಹಾಗೆ ಉಳಲ್ಪಡುತ್ತದೆ ಅನ್ನುತ್ತಾನೆ. ಸ್ವಂತ ರಾಜಧಾನಿಯ ಬಗ್ಗೆ, ಅದು ಇನ್ನೂ ಗಟ್ಟಿಯಾಗಿ ನಿಂತಿರುವಾಗ ಹೇಳಿದ ಮಾತು. ನೂರು ವರ್ಷ ಕಳೆದ ಮೇಲೂ ಜನರಿಗೆ ಇದು ನೆನಪಿತ್ತು. ಯೆರೆಮೀಯನನ್ನು ಕೊಲ್ಲಬೇಕು ಅಂತ ಗಲಾಟೆಯಾದಾಗ ಹಿರಿಯರು ಮೀಕನ ಇದೇ ಮಾತನ್ನು ಎತ್ತಿ ಹೇಳಿದರು. ಯೆರೆಮೀಯ 26ರಲ್ಲಿದೆ.

ತುಂಗಾತೀರ:
ಯೆರೆಮೀಯನ ಪಾಡು ಓದಿದರೆ ಹೊಟ್ಟೆ ಉರಿಯುತ್ತದೆ. ಶತ್ರು ಊರಿನ ಬಾಗಿಲಿಗೆ ಬಂದಿದ್ದಾನೆ. ಯೆರೆಮೀಯನೋ, ಬಾಬೆಲಿನ ರಾಜ ನೆಬೂಕದ್ನೆಚ್ಚರ ದೇವರ ಸೇವಕ, ಅವನ ನೊಗಕ್ಕೆ ಕುತ್ತಿಗೆ ಕೊಡಿ ಅನ್ನುತ್ತಾನೆ. ದೇವಾಲಯ ಇದೆ, ನಮಗೇನೂ ಆಗದು ಅಂತ ನಂಬಬೇಡಿ, ಹಿಂದೆ ಆರಾಧನೆಯ ಜಾಗವಾಗಿದ್ದ ಶೀಲೋವಿಗೆ ಏನಾಯಿತು ಹೋಗಿ ನೋಡಿ ಅನ್ನುತ್ತಾನೆ. ಸೈನಿಕರ ಕೈ ಸೋಲಿಸುತ್ತಿದ್ದಾನೆ ಅಂತ ಅಧಿಕಾರಿಗಳು ಅವನನ್ನು ಕೆಸರಿನ ಬಾವಿಗೆ ಇಳಿಸಿದರು. ಎತ್ತಿದವನು ಯಾರು? ಎಬೆದ್ಮೆಲೆಕ, ಕೂಷ್ ದೇಶದವನು. ಹಗ್ಗ ಕೊರೆಯಬಾರದು ಅಂತ ಕಂಕುಳಿಗೆ ಹಳೇ ಬಟ್ಟೆ ಇಳಿಸಿದ. ದೇಶಭಕ್ತರು ಬಾವಿಗೆ ಹಾಕಿದವನನ್ನು ಒಬ್ಬ ಪರದೇಶಿ ಉಳಿಸಿದ. ದೇಶದ್ರೋಹಿ ಅನ್ನಿಸಿಕೊಂಡವನ ಪುಸ್ತಕವೇ ಕೊನೆಗೆ ಆ ಜನರ ಪವಿತ್ರ ಗ್ರಂಥವಾಯಿತು. ಇದನ್ನು ಪ್ರಚಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆಗಾರ:
ಅದು ಪವಿತ್ರ ಗ್ರಂಥವಾದದ್ದು ಅವನು ಹೇಳಿದ ಹಾಗೆ ಊರು ಬಿದ್ದದ್ದಕ್ಕೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಬೀಳದೆ ಇದ್ದಿದ್ದರೆ ಬಾಬೆಲಿನ ನೊಗ ಬೇಗ ಮುರಿಯುತ್ತದೆ ಅಂತ ಯೆರೆಮೀಯನಿಗೆ ಎದುರು ಹೇಳಿದ ಹನನ್ಯನ ಪುಸ್ತಕ ಉಳಿಯುತ್ತಿತ್ತು, ಯೆರೆಮೀಯನದ್ದು ಅಲ್ಲ. ಸೋಲಿಗೆ ಕಾರಣ ಬೇಕಿತ್ತು, ಕಾರಣ ಕೊಟ್ಟವರ ಬರಹ ಉಳಿಯಿತು.

ನಿವೃತ್ತಮೇಷ್ಟ್ರು:
ಇರಬಹುದು. ಆದರೆ ಸೋತವರು ಬೇರೆ ಕಾರಣವನ್ನೂ ಆರಿಸಿಕೊಳ್ಳಬಹುದಿತ್ತು. ನಮಗೆ ಮೋಸವಾಯಿತು, ಐಗುಪ್ತ ಕೈಕೊಟ್ಟಿತು, ಒಳಗಿನವರು ಮಾರಿಕೊಂಡರು. ಸೋತ ದೇಶಗಳೆಲ್ಲ ಹೇಳುವುದೇ ಅದನ್ನು. ಇವರು ತಪ್ಪು ನಮ್ಮದೇ ಅನ್ನುವ ಬರಹವನ್ನು ಉಳಿಸಿಕೊಂಡು, ತಲೆತಲಾಂತರ ಓದಿದರು. ನನಗೆ ದೊಡ್ಡದಾಗಿ ಕಾಣುವುದು ಅದು.

ಗಡಿನಾಡು:
ತೂರಿನ ವಿಷಯ ಯಾರೂ ಎತ್ತಲಿಲ್ಲ. ಯೆಹೆಜ್ಕೇಲ 26ರಲ್ಲಿ ನೆಬೂಕದ್ನೆಚ್ಚರ ಬಂದು ತೂರನ್ನು ಬೋಳು ಬಂಡೆ ಮಾಡುತ್ತಾನೆ ಅಂತಿದೆ. 28ರಲ್ಲಿ ಅದರ ದೊರೆ ನಾನೇ ದೇವರು, ಸಮುದ್ರದ ನಡುವೆ ಕೂತಿದ್ದೇನೆ ಅಂತ ಮೆರೆಯುತ್ತಾನೆ. ನೆಬೂಕದ್ನೆಚ್ಚರ 13 ವರ್ಷ ಮುತ್ತಿಗೆ ಹಾಕಿದ ಅಂತ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆಯುತ್ತಾನೆ. ಊರು ಬೋಳು ಬಂಡೆ ಆಗಲಿಲ್ಲ.

ಬೆಳಗಿನಓದು:
ಅಲೆಕ್ಸಾಂಡರ್ ಮಾಡಿ ಮುಗಿಸಿದ. ಕ್ರಿ.ಪೂ. 332ರಲ್ಲಿ ಸಮುದ್ರಕ್ಕೆ ಕಲ್ಲುಮಣ್ಣು ತುಂಬಿ ತೂರ್ ಇದ್ದ ದ್ವೀಪದವರೆಗೆ ದಾರಿ ಮಾಡಿದ. 7 ತಿಂಗಳಲ್ಲಿ ಊರು ಬಿತ್ತು.

ಕಲ್ಲುಬರಹ:
ಬಿದ್ದರೂ ಮತ್ತೆ ಎದ್ದಿತು. ಲೆಬನಾನಿನ ಸೂರ್ ಪಟ್ಟಣ ಅದೇ ಜಾಗದಲ್ಲಿದೆ, ಜನ ಇದ್ದಾರೆ. ಆದರೆ ಇದನ್ನು ಮುಚ್ಚಿಡಬೇಕಾಗಿಲ್ಲ. ಯೆಹೆಜ್ಕೇಲನೇ 29:18ರಲ್ಲಿ ಬರೆದಿದ್ದಾನೆ: ತೂರಿಗಾಗಿ ದುಡಿದು ಸೈನಿಕರ ತಲೆ ಬೋಳಾಯಿತು, ಹೆಗಲು ಸುಲಿಯಿತು, ಕೂಲಿ ಮಾತ್ರ ಸಿಗಲಿಲ್ಲ. ಅದರ ಬದಲು ಐಗುಪ್ತವನ್ನು ಕೊಡುತ್ತೇನೆ ಅಂತ. ಮೊದಲಿನ ಮಾತನ್ನೂ ಅಳಿಸದೆ, ಎರಡನ್ನೂ ಹಾಗೆಯೇ ಉಳಿಸಿದ್ದಾರೆ.

ಗಡಿನಾಡು:
ಉಳಿಸಿದ್ದಕ್ಕೆ ಮೆಚ್ಚುಗೆ ಇದೆ. ಆದರೆ ಅಕ್ಷರ ಅಕ್ಷರವೂ ನೆರವೇರಿತು ಅಂತ ವೇದಿಕೆ ಮೇಲೆ ನಿಂತು ಕೂಗುವವರು 29 ಓದಿಕೊಂಡು ಬರಲಿ.

ಹುಬ್ಬಳ್ಳಿಹುಡುಗ:
ಬಾಬೆಲ್ ಬಗ್ಗೆ ಒಂದು ಓದಿದ್ದೆ. ನೆಬೂಕದ್ನೆಚ್ಚರ ಇಟ್ಟಿಗೆಗಳ ಮೇಲೆ ತನ್ನ ಹೆಸರು ಒತ್ತಿಸಿದ್ದನಂತೆ. 1980ರ ದಶಕದಲ್ಲಿ ಸದ್ದಾಂ ಹುಸೇನ್ ಆ ಹಾಳುಗಳ ಮೇಲೆ ಹೊಸ ಗೋಡೆ ಕಟ್ಟಿಸಿ ಇಟ್ಟಿಗೆಗಳಲ್ಲಿ ತನ್ನ ಹೆಸರು ಹಾಕಿಸಿದ. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನಾನು ಕಟ್ಟಿದ ಮಹಾ ಬಾಬೆಲ್ ಇದಲ್ಲವೇ ಅಂತ ದಾನಿಯೇಲ 4ರಲ್ಲಿ ನೆಬೂಕದ್ನೆಚ್ಚರ ಅನ್ನುತ್ತಾನಲ್ಲ, ಆ ಇಟ್ಟಿಗೆ ನೋಡಿದರೆ ಆ ಮಾತು ನಂಬಬಹುದು.

ಮಂಗಳೂರುಮಳೆ:
ಒಳ್ಳೆಯ ಮಾಹಿತಿ. ಇನ್ನೊಂದು ಸೇರಿಸುತ್ತೇನೆ. ಕ್ರಿ.ಪೂ. 539ರಲ್ಲಿ ಪಾರಸಿಯ ರಾಜ ಕೋರೆಷನ ಸೈನ್ಯ ಬಾಬೆಲ್ ಪಟ್ಟಣದೊಳಗೆ ಕಾಲಿಟ್ಟಾಗ ಕಾದಾಟವೇ ಇರಲಿಲ್ಲ ಅಂತ ಬಾಬೆಲಿನವರ ಚರಿತ್ರೆಯ ಹಲಗೆಯಲ್ಲಿದೆ. ಅಂದರೆ ಯೆಶಾಯ 13ರ ಆ ಭೀಕರ ಚಿತ್ರ ಅಂದು ಹಾಗೇ ನಡೆಯಲಿಲ್ಲ.

ಕೆಂಪುಹೆಂಚು:
ಎಲ್ಲರಿಗೂ ಧನ್ಯವಾದ. 22ನೇ ಅಧ್ಯಾಯ ಓದಿದೆ. ಗೋಡೆ ಗಟ್ಟಿ ಮಾಡಲು ಮನೆಗಳನ್ನು ಕೆಡವಿದಿರಿ, ಎರಡು ಗೋಡೆಗಳ ನಡುವೆ ನೀರು ಕೂಡಿಟ್ಟಿರಿ, ಆದರೆ ಇದನ್ನು ಮಾಡಿದವನ ಕಡೆ ನೋಡಲಿಲ್ಲ ಅನ್ನುತ್ತದೆ. ಮುಂದೆ ಶೆಬ್ನ ಅನ್ನುವ ಅರಮನೆ ಅಧಿಕಾರಿ ಎತ್ತರದಲ್ಲಿ ತನಗೆ ಸಮಾಧಿ ಕೊರೆಸಿಕೊಳ್ಳುತ್ತಾನೆ, ಅವನನ್ನು ಎತ್ತಿ ಬಿಸಾಡುತ್ತೇನೆ ಅನ್ನುತ್ತಾನೆ ದೇವರು. ಮೋವಾಬಿಗೆ ಹೇಳಿದ್ದೇ ಇಲ್ಲೂ. ಶತ್ರುಗಳ ಮೇಲಿನ ಸೇಡು ಅನ್ನುವ ಪಾಠ ಇನ್ನು ನಾನು ಒಪ್ಪುವುದಿಲ್ಲ.

ಆದರೆ ಕೂಸುಗಳ ಪ್ರಶ್ನೆ ಹಾಗೇ ಇದೆ. ನಡೆಯಲಿಲ್ಲ ಅಂದರೂ ಹೇಳಿದ್ದು ಹೇಳಿದ್ದೇ ಅಲ್ವಾ?

ಬೆಳಗಿನಓದು:
ಯುದ್ಧ ಬಂದರೆ ಆಗುವುದು ಇದು ಅಂತ ಪ್ರವಾದಿ ತೋರಿಸುತ್ತಾನೆ. ಇದನ್ನು ಮಾಡಿ ಅಂತ ಓದುವವರಿಗೆ ಅಪ್ಪಣೆ ಕೊಡುವುದಿಲ್ಲ.

ಕೆಂಪುಹೆಂಚು:
ಅದೇ ಅಧ್ಯಾಯದ 17ರಲ್ಲಿ ಮೇದ್ಯರನ್ನು ನಾನೇ ಎಬ್ಬಿಸುತ್ತೇನೆ ಅನ್ನುತ್ತಾನಲ್ಲ ದೇವರು. ಅಷ್ಟು ಸುಲಭಕ್ಕೆ ಬಿಡಲಾಗದು ಬ್ರದರ್.

ಸಂಜೆಗಂಟೆ:
ಅಣ್ಣ, ಆ ವಚನಕ್ಕೆ ಸಮಾಧಾನ ಕೊಡುವ ವಿವರಣೆ ನಾನು ಎಲ್ಲೂ ಓದಿಲ್ಲ. ಕೊಡಲು ಪ್ರಯತ್ನಿಸುವುದೂ ಇಲ್ಲ. ಆದರೆ ಅದೇ ಗ್ರಂಥದೊಳಗೇ ಅದಕ್ಕೆ ಎದುರು ಮಾತಿದೆ. ಯೋನ ಪ್ರವಾದಿಯ ಪುಸ್ತಕದ ಕೊನೆಯ ವಚನ. ನಿನೆವೆ ಉಳಿಯಿತು ಅಂತ ಯೋನ ಮುನಿಸಿಕೊಂಡು ಕೂತಿದ್ದಾನೆ. ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಜಾಸ್ತಿ ಜನ ಇದ್ದಾರೆ, ದನಕರುಗಳೂ ಬಹಳ ಇವೆ, ನಾನು ಮರುಗಬಾರದೇ ಅಂತ ದೇವರು ಕೇಳುತ್ತಾನೆ. ಎಡಬಲ ತಿಳಿಯದವರು ಅಂದರೆ ಕೂಸುಗಳು ಅಂತ ಬಹಳ ಜನ ಓದುತ್ತಾರೆ.

ಪ್ರಶ್ನೆಗಾರ:
ಯೋನನ ಪುಸ್ತಕ ಬರೆದದ್ದು ನಿನೆವೆ ಬಿದ್ದು ಬಹಳ ಕಾಲವಾದ ಮೇಲೆ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇಲ್ಲದ ಊರಿಗೆ ಕರುಣೆ ತೋರಿಸಲು ಖರ್ಚೇನೂ ಇಲ್ಲ.

ಸಂಜೆಗಂಟೆ:
ಖರ್ಚಿದೆ. ನಿಮ್ಮ ಅಜ್ಜಂದಿರನ್ನು ಸುಲಿದ ಊರಿನ ಕೂಸುಗಳ ಬಗ್ಗೆ ಹಾಗೆ ಬರೆದು ನೋಡಿ. ಯೆಶಾಯ 19ರ ಕೊನೆಯನ್ನೂ ನೋಡಿ. ಐಗುಪ್ತ ನನ್ನ ಜನ, ಅಶ್ಶೂರ ನನ್ನ ಕೈಕೆಲಸ, ಇಸ್ರಾಯೇಲ್ ನನ್ನ ಸೊತ್ತು. ಮೂವರಲ್ಲಿ ಇಸ್ರಾಯೇಲ್ ಮೂರನೆಯದು.

ಪ್ರಶ್ನೆಗಾರ:
19ರ ಆ ಭಾಗ ನನಗೂ ಇಷ್ಟ. ಅದರ ಬಗ್ಗೆ ಜಗಳವಿಲ್ಲ.

ನಿವೃತ್ತಮೇಷ್ಟ್ರು:
ಕೆಂಪುಹೆಂಚು ಅವರೇ, ಮುಂದಿನ ಅಧ್ಯಯನದಲ್ಲಿ ನಿಮಗೆ ಮಾತಾಡಲು ಬಿಟ್ಟರೆ ಯೋನ, ನಹೂಮ ಎರಡನ್ನೂ ಒಟ್ಟಿಗೆ ಓದಿಸಿ. ಒಂದಕ್ಕೆ 4 ಅಧ್ಯಾಯ, ಇನ್ನೊಂದಕ್ಕೆ 3. ಎರಡೂ ನಿನೆವೆಯ ಬಗ್ಗೆ, ಎರಡೂ ಪ್ರಶ್ನೆಯಲ್ಲೇ ಮುಗಿಯುತ್ತವೆ.

ಕೆಂಪುಹೆಂಚು:
ಕೇಳಿ ನೋಡುತ್ತೇನೆ ಮೇಷ್ಟ್ರೇ. ಬಿಡದಿದ್ದರೆ ನಮ್ಮ ಮನೆಯಲ್ಲೇ ನಾಲ್ಕು ಜನ ಸೇರಿ ಓದುತ್ತೇವೆ. ಹುಬ್ಬಳ್ಳಿಹುಡುಗ, ನೀವು ಓಬದ್ಯ ಓದಿ ಮುಗಿಸಿ ಇಲ್ಲೇ ಬರೆಯಿರಿ. ಒಂದೇ ಅಧ್ಯಾಯ, 21 ವಚನ.